ಅಂಬಾಸಡರೋ, ಫಿಯೆಟ್ಟೋ?

ಹೊಸ ವಸ್ತುವನ್ನು ಕೊಳ್ಳುವವನಿಗೆ ಹಣವೊಂದಿದ್ದರೆ ಸಾಕು. ಹಳೆಯ ವಸ್ತುವನ್ನು ಕೊಳ್ಳುವವನಿಗೆ ಹಣದ ಜೊತೆಗೆ ಕಣ್ಣು, ಕಿವಿ, ಮೂಗುಗಳೂ ಚುರುಕಾಗಿರಬೇಕು. ಈ ವಿದ್ಯೆಯನ್ನು ಕಲಿಸುವ ಪಾಠಶಾಲೆ ಬೆಂಗಳೂರಿನಲ್ಲಿ ಒಂದಿದೆ. ಅದಕ್ಕೆ ಕೃಷ್ಣರಾಜ ಮಾರುಕಟ್ಟೆ ಎಂದು ಹೆಸರು. ಬದನೆಕಾಯಿಯ ತೊಟ್ಟನ್ನು ತಿರುವಿ ನೋಡುವುದು, ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಕೇಳುವುದು, ಮಲ್ಲಿಗೆಯ ಬುಟ್ಟಿಯಲ್ಲಿ ಮೇಲಿನ ಮೊಗ್ಗನ್ನು ಸರಿಸಿ ಕೆಳಗಿನದನ್ನು ಮೂಸುವುದು, ಇವೆಲ್ಲ ಅಲ್ಲಿ ಎಳೆಯ ಮಕ್ಕಳಿಗೂ ಬರುವ ವಿದ್ಯೆಗಳು. ಹಳೆಯ ಮೋಟಾರು ಕಾರನ್ನು ಪರೀಕ್ಷಿಸುವವನು ಮಾಡುವುದಾದರೂ ಬೇರೇನು? ಅವನೂ ಅಡಿಯನ್ನು ಬಗ್ಗಿ ನೋಡುತ್ತಾನೆ; ಇಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾನೆ; ಹೊಗೆಯನ್ನು ಮೂಸುತ್ತಾನೆ.

ಮಾರುಕಟ್ಟೆಗೂ ಹಳೆಯ ಕಾರುಗಳಿಗೂ ಇರುವ ನಂಟು ಬರಿಯ ಹೋಲಿಕೆಯದಲ್ಲ, ನೆರೆಹೊರೆಯದು. ೧೭೯೧ರ ಮಾರ್ಚಿಯಲ್ಲಿ ಕಾರ್ನವಾಲಿಸನ ಸೈನ್ಯ ಮುತ್ತಿದ ಕೋಟೆಯ ಮಗ್ಗುಲಿನಲ್ಲಿ, ೧೯೨೮ರಲ್ಲಿ ಈ ಮಾರುಕಟ್ಟೆ ಎದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಪಡೆಯಿತು. ಅದರ ಒಂದು ಕಡೆಗೆ ಲಾರಿಗಳ, ಬಸ್ಸುಗಳ ಕಲಾಸಿಪಾಳ್ಯ. ಇನ್ನೊಂದು ಕಡೆಗೆ ಬಿಡಿಭಾಗಗಳ ಅಂಗಡಿಗಳು ಸಾಲಾಗಿ ಬೆಳೆದ ಜಯಚಾಮರಾಜೇಂದ್ರ ರಸ್ತೆ. ಅದರ ಸೆರಗಿನಲ್ಲಿ, ಓಡಾಟ ಮುಗಿಸಿದ ಗಾಡಿಗಳನ್ನು ಬಿಚ್ಚಿ ಗುಡ್ಡೆ ಹಾಕುವ ಕುಂಬಾರಗುಂಡಿಯ ಗುಜರಿ. ಕಾರೊಂದು ಕೈ ಬದಲಾಯಿಸುವುದೂ, ಕಾಯಿಲೆ ಬಿದ್ದು ಗುಣವಾಗುವುದೂ, ಕಡೆಗೆ ಕೊನೆಯುಸಿರೆಳೆದು ಅಂಗಾಂಗ ದಾನ ಮಾಡುವುದೂ ಈ ಸಣ್ಣ ವೃತ್ತದೊಳಗೇ ನಡೆಯುತ್ತಿದ್ದಿತು.

ಇಂದಿನ ವಾಚಕರಿಗೆ ಕಾರುಗಳ ಹೆಸರುಗಳನ್ನು ನೆನಪಿನಲ್ಲಿಡುವುದೇ ಕಷ್ಟ. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ಬರುವುದಕ್ಕೆ ಮುಂಚೆ ಆ ಕಷ್ಟವಿರಲಿಲ್ಲ. ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಮೆಚ್ಚಿದ ಕೆಲವರನ್ನು ಬಿಟ್ಟರೆ, ಉಳಿದವರೆಲ್ಲ ಎರಡು ಪಂಗಡ: ಅಂಬಾಸಡರಿನವರು, ಫಿಯೆಟ್ಟಿನವರು. ಮದುವೆಯ ಮನೆಗಳಲ್ಲಿ ಊಟ ಮುಗಿದು ಎಲೆಯಡಿಕೆ ಬಂದ ಮೇಲೆ ಈ ಎರಡು ಪಂಗಡಗಳಿಗೆ ನಡೆಯುತ್ತಿದ್ದ ವಾದವನ್ನು ಕೇಳಿದವರಿಗೆ ದ್ವೈತಾದ್ವೈತಗಳ ವಾದ ಸಪ್ಪೆಯೆನಿಸುತ್ತಿದ್ದಿತು.

ಎರಡರ ಕುಲಗೋತ್ರಗಳನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಅಂಬಾಸಡರು ಇಂಗ್ಲೆಂಡಿನ ಸಂತಾನ. ಅಲ್ಲಿ ೧೯೫೬ರಲ್ಲಿ ಹೊರಟ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾಲಿಕೆಯ ಕಾರು ಬಿರ್ಲಾ ಮನೆತನದ ಹಿಂದುಸ್ತಾನ್ ಮೋಟಾರ್ಸಿನ ಮೂಲಕ ಬಂಗಾಳದ ಉತ್ತರಪಾಡಾಕ್ಕೆ ಬಂದು, ೧೯೫೭–೫೮ರ ಸುಮಾರಿಗೆ ಅಂಬಾಸಡರ್ ಎಂಬ ಹೆಸರನ್ನು ಧರಿಸಿತು. ತಾಯ್ನಾಡಿನಲ್ಲಿ ನಾಲ್ಕು ವರ್ಷವೂ ತುಂಬ ಬಾಳದ ಆ ಮಾದರಿ ಇಲ್ಲಿ ೨೦೧೪ರ ಮೇ ತಿಂಗಳವರೆಗೆ ಬಾಳಿತು! ಫಿಯೆಟ್ಟು ಇಟಲಿಯದು. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ೧೯೫೪ರಿಂದ ಫಿಯೆಟ್ ೧೧೦೦ನ್ನು ಇಲ್ಲಿ ತಂದಿತು. ಆರಂಭದ ಗಾಡಿಗಳಲ್ಲಿ ಮುಂದಿನ ಬಾಗಿಲು ಹಿಂದುಮುಂದಾಗಿ ತೆರೆಯುತ್ತಿದ್ದಿತು. ಅರವತ್ತರ ದಶಕದ ನಡುವೆ ರೂಪ ಬದಲಾಯಿತು. ೧೯೭೪ರ ಸುಮಾರಿಗೆ ಚಿತ್ತೋಡಿನ ರಾಣಿಯ ಹೆಸರನ್ನು ಪಡೆದು ಅದು ಪ್ರೀಮಿಯರ್ ಪದ್ಮಿನಿಯಾಯಿತು. ಆದರೆ ನಮ್ಮ ಜನ ಅದನ್ನು ಕಡೆಯವರೆಗೂ ಫಿಯೆಟ್ಟೆಂದೇ ಕರೆದರು.

ಈ ಫಿಯೆಟ್ಟಿನ ವಂಶವೃಕ್ಷದಲ್ಲಿ ಬೆಂಗಳೂರಿಗೂ ಒಂದು ಕೊಂಬೆಯಿದ್ದುದನ್ನು ಮರೆಯಬಾರದು. ಭಾರತದಲ್ಲಿ ಮೋಟಾರು ಕಾರ್ಖಾನೆ ಏಳಬೇಕೆಂದು ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ೧೯೩೫ರಲ್ಲಿ, ತಮ್ಮ ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳನ್ನು ಸುತ್ತಿ ಅಲ್ಲಿಯ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆಯನ್ನು ಸಿದ್ಧಪಡಿಸಿದರು. ಅದನ್ನು ಕೈಗೆತ್ತಿಕೊಂಡವರು ವಾಲ್‌ಚಂದ್ ಹೀರಾಚಂದರು. ಬೆಂಗಳೂರಿನಲ್ಲಿ ಕಾರ್ಖಾನೆಯನ್ನು ಸ್ಥಾಪಿಸುವ ಮಾತೂ ನಡೆಯಿತು. ಮೈಸೂರು ಸಂಸ್ಥಾನ ಕೈಗೂಡಿಸಲು ಮುಂದಾಯಿತು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ಮಾತ್ರ ಸಿಗಲಿಲ್ಲ. ಅದೇ ವಾಲ್‌ಚಂದರು ೧೯೪೦ರ ಡಿಸೆಂಬರಿನಲ್ಲಿ ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ತೆರೆದರು. ಮೋಟಾರಿನ ಸಂಸ್ಥೆಯನ್ನು ೧೯೪೪ರಲ್ಲಿ ಮುಂಬಯಿಯಲ್ಲಿ ಕಟ್ಟಿದರು. ಹೀಗೆ ನಮಗೆ ವಿಮಾನ ದಕ್ಕಿತು, ಕಾರು ತಪ್ಪಿತು.

ಇನ್ನು ಎರಡರ ಅಂಗಸೌಷ್ಠವ. ಎಪ್ಪತ್ತರ ದಶಕದ ಅಂಬಾಸಡರಿನ ಇಂಜಿನ್ನು ೧೪೮೯ ಘನ ಸೆಂಟಿಮೀಟರಿನದು, ಫಿಯೆಟ್ಟಿನದು ೧೦೮೯. ಎರಡಕ್ಕೂ ನಾಲ್ಕು ಸಿಲಿಂಡರು, ನಾಲ್ಕು ಗೇರು, ಸ್ಟೀರಿಂಗಿನ ಕಂಬಕ್ಕೆ ಅಂಟಿಕೊಂಡ ಗೇರು ಕಡ್ಡಿ. ಅಂಬಾಸಡರಿಗೆ ಸುಮಾರು ೫೦ ಅಶ್ವಶಕ್ತಿ; ಫಿಯೆಟ್ಟಿಗೆ ೪೦ರ ಆಸುಪಾಸು. ಇಷ್ಟನ್ನು ಕೇಳಿದ ಕೂಡಲೇ ಅಂಬಾಸಡರಿನವರು ಮೀಸೆ ತಿರುವುತ್ತಾರೆ. ಆದರೆ ತೂಕವನ್ನೂ ನೋಡಬೇಕಷ್ಟೆ? ಅಂಬಾಸಡರು ೧೧೦೦ ಕಿಲೋಗ್ರಾಮಿಗೆ ಮೇಲೆ. ಫಿಯೆಟ್ಟು ೯೦೦ಕ್ಕೆ ತುಸು ಕಡಿಮೆ. ಭಾಗಿಸಿ ನೋಡಿದರೆ ಎರಡಕ್ಕೂ ಟನ್ನಿಗೆ ೪೪–೪೫ ಅಶ್ವಶಕ್ತಿಯೇ ಬರುತ್ತದೆ. ಆನೆಗೆ ಆನೆಯ ಬಲ, ಕುದುರೆಗೆ ಕುದುರೆಯ ಬಲ.

ಹಾಗಾದರೆ ವ್ಯತ್ಯಾಸವೆಲ್ಲಿ? ಅಂಬಾಸಡರಿನ ಸಿಲಿಂಡರಿನ ಅಗಲ ೭೩ ಮಿಲಿಮೀಟರು. ಅದರೊಳಗೆ ಪಿಸ್ಟನ್ನು ಏರಿಳಿಯುವ ದೂರ ಸುಮಾರು ೮೯. ಫಿಯೆಟ್ಟಿನಲ್ಲಿ ಇವು ೬೮ ಮತ್ತು ೭೫. ಪಿಸ್ಟನ್ನಿನ ನಡೆ ಉದ್ದವಾದಷ್ಟೂ ಇಂಜಿನ್ನು ನಿಧಾನವಾಗಿ ತಿರುಗುವಾಗಲೇ ಎಳೆಯಬಲ್ಲದು; ನಡೆ ಗಿಡ್ಡವಾದರೆ ಚುರುಕಾಗಿ ತಿರುಗಬಲ್ಲದು. ಆದಕಾರಣ ಎಂಟು ಜನರನ್ನು ಕೂರಿಸಿಕೊಂಡು ಮೂರನೆಯ ಗೇರಿನಲ್ಲೇ ಗೊಣಗುತ್ತ ದಿಬ್ಬ ಏರುವುದು ಅಂಬಾಸಡರಿನ ಸ್ವಭಾವ. ಗೇರನ್ನು ಇಳಿಸಿ, ಸದ್ದು ಮಾಡಿ, ಸರ್ರನೆ ಏರಿಬಿಡುವುದು ಫಿಯೆಟ್ಟಿನದು. ಉದ್ದದಲ್ಲಿ ಅಂಬಾಸಡರು ೪.೩ ಮೀಟರು, ಫಿಯೆಟ್ಟು ೩.೯, ಅಗಲದಲ್ಲಿ ಒಂದು ೧.೬೬, ಇನ್ನೊಂದು ೧.೪೬. ಈ ೨೦ ಸೆಂಟಿಮೀಟರಿನ ಬೆಲೆ ಏನೆಂಬುದು ಚಿಕ್ಕಪೇಟೆಯ ಗಲ್ಲಿಗಳಲ್ಲಿ ಎದುರಿನಿಂದ ಕೈಗಾಡಿ ಬಂದಾಗ ತಿಳಿಯುತ್ತದೆ. ಎತ್ತರದಲ್ಲಿಯೂ ಅಂಬಾಸಡರಿಗೆ ಐದು ಅಂಗುಲ ಹೆಚ್ಚು. ಈ ಐದು ಅಂಗುಲದ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಇಷ್ಟೆಲ್ಲ ಲೆಕ್ಕವನ್ನು ನಾನು ಕಲಿತದ್ದು ೧೯೮೨ರಲ್ಲಿ. ನನ್ನ ಸೋದರಮಾವನವರು ಮಾರುಕಟ್ಟೆಯಲ್ಲಿ ಹೂವಿನ ಮಂಡಿ ಇಟ್ಟಿದ್ದರು; ಮನೆ ಚಾಮರಾಜಪೇಟೆಯಲ್ಲಿ. ವಾರಕ್ಕೆ ಮೂರು ದಿನ ಬೆಳಗಿನ ಜಾವ ಆನೇಕಲ್ಲಿನ ಕಡೆಗೆ ಹೋಗಿ ಕಾಕಡ, ಕನಕಾಂಬರ, ಸೇವಂತಿಗೆಗಳನ್ನು ತೋಟದಿಂದಲೇ ಕೊಂಡು ತರುವುದು ಅವರ ಪದ್ಧತಿ. ಬಸ್ಸು ತಡವಾದರೆ ಹೂ ಬಾಡುತ್ತಿತ್ತು. ಹೂ ಬಾಡಿದರೆ ಅಂದಿನ ಸಂಪಾದನೆಯೂ ಬಾಡುತ್ತಿತ್ತು. ಆ ವರ್ಷ ಇನ್ನೊಂದು ತೊಂದರೆಯೂ ಸೇರಿತು. ನಮ್ಮ ಅಜ್ಜಿಗೆ, ಅಂದರೆ ಮಾವನವರ ತಾಯಿಗೆ, ಪಾರ್ಶ್ವವಾಯು ಬಡಿದು ಬಲಗಾಲು ಬಲಗೈ ಸೋತವು. ವಾರಕ್ಕೆರಡು ಸಲ ಚಿಕಿತ್ಸೆಗೆ ಕರೆದೊಯ್ಯಬೇಕು. ಆಟೋರಿಕ್ಷಾದಲ್ಲಿ ಅವರನ್ನು ಕೂರಿಸಿ ಇಳಿಸುವಷ್ಟರಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರುತ್ತಿತ್ತು. ಕಡೆಗೆ ಅತ್ತೆಯವರು ತಮ್ಮ ನಾಲ್ಕು ಬಳೆಗಳನ್ನು ಬಿಚ್ಚಿ ಮಾವನವರ ಮುಂದಿಟ್ಟರು. ಹೊಸ ಕಾರಿಗೆ ಹಣ ಸಾಲದು. ಸಾಲುವಂತಿದ್ದರೂ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಹಳೆಯದೇ ಗತಿ.

ದಲ್ಲಾಳಿಯೊಬ್ಬ ಎರಡು ಗಾಡಿಗಳನ್ನು ತೋರಿಸಿದ. ಎರಡೂ ೧೯೭೬ರವು. ಒಂದು ಅಂಬಾಸಡರ್ ಮಾರ್ಕ್ ಮೂರು, ಬಿಳಿಯ ಬಣ್ಣದ್ದು. ಇನ್ನೊಂದು ಪದ್ಮಿನಿ, ತಿಳಿನೀಲಿ. ಫಿಯೆಟ್ಟಿಗೆ ೪೦೦೦ ರೂಪಾಯಿ ಹೆಚ್ಚು ಕೇಳಿದ. ಲೆಕ್ಕಪತ್ರದ ಉದ್ಯೋಗದಲ್ಲಿದ್ದವನೆಂಬ ಕಾರಣಕ್ಕೆ ಮಾವನವರು ನನ್ನನ್ನು ಕರೆಸಿ, “ನೋಡಪ್ಪಾ, ಇದು ನಿಮ್ಮತ್ತೆಯ ಬಳೆ. ಇದರಲ್ಲಿ ಒಂದು ಗುಲಗಂಜಿ ತೂಕವೂ ಪೋಲಾಗಬಾರದು. ಎರಡನ್ನೂ ತೂಗಿ ಹೇಳು” ಎಂದರು.

ತೂಗಲು ನನಗೆ ಸಹಾಯಕ್ಕೆ ಬಂದವರು ಕಲಾಸಿಪಾಳ್ಯದ ವೃದ್ಧ ಮೇಸ್ತ್ರಿಗಳೊಬ್ಬರು. ಅವರ ಬಳಿ ಇದ್ದ ಉಪಕರಣಗಳು ಮೂರೇ: ಒಂದು ಜಾಕಿ, ಒಂದು ಬಿಳಿಯ ಬಟ್ಟೆ, ಕೆಟ್ಟ ರೇಡಿಯೋದಿಂದ ಕಿತ್ತ ಒಂದು ಅಯಸ್ಕಾಂತ. ಮೊದಲು ನೋಂದಣಿಯ ಪುಸ್ತಕವನ್ನು ತೆರೆದು, ಅದರಲ್ಲಿದ್ದ ಇಂಜಿನ್ನಿನ ಸಂಖ್ಯೆಯನ್ನು ಲೋಹದ ಮೇಲೆ ಕೆತ್ತಿದ ಸಂಖ್ಯೆಯೊಡನೆ ಹೋಲಿಸಿದರು. ಅಂಬಾಸಡರಿಗೆ ಹ್ಯಾಂಡಲು ಹಾಕಿ ಕೈಯಿಂದಲೇ ಮೆಲ್ಲನೆ ತಿರುಗಿಸಿದರು. ನಾಲ್ಕು ಸಿಲಿಂಡರೂ ಸಮನಾಗಿ ಎದುರೊತ್ತಬೇಕು. ಒಂದು ಸಡಿಲವಾಗಿದ್ದರೂ ಅಂಗೈಗೆ ತಿಳಿಯುತ್ತದೆ. “ಎರಡನೆಯದು ಸ್ವಲ್ಪ ಸೋತಿದೆ ಸ್ವಾಮಿ. ಇನ್ನೊಂದು ವರ್ಷಕ್ಕೆ ಬೋರು ಮಾಡಿಸಬೇಕಾದೀತು” ಎಂದರು. ಆಮೇಲೆ ಹೊಗೆಯ ಕೊಳವೆಗೆ ಬಿಳಿಯ ಬಟ್ಟೆಯನ್ನು ಹಿಡಿದರು. ಅಂಬಾಸಡರಿನ ಹೊಗೆಯಲ್ಲಿ ತುಸು ನೀಲಿಯ ಛಾಯೆಯಿದ್ದು ಬಟ್ಟೆಗೆ ಎಣ್ಣೆಯ ಜಿಡ್ಡು ಅಂಟಿತು. ಫಿಯೆಟ್ಟಿನದು ಒಣಗಿದ ಮಸಿ, ಅಷ್ಟೆ. ಮುಂದಿನ ಚಕ್ರಗಳನ್ನು ಜಾಕಿಯಿಂದ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದರು. ಹ್ಯಾಂಡ್‌ಬ್ರೇಕನ್ನು ಬಿಗಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ಚನ್ನು ಬಿಟ್ಟರು. ಕ್ಲಚ್ಚು ಸರಿಯಾಗಿದ್ದರೆ ಇಂಜಿನ್ನು ಥಟ್ಟನೆ ನಿಲ್ಲಬೇಕು, ಎರಡೂ ನಿಂತವು.

ಇಲ್ಲಿಯವರೆಗೆ ಫಿಯೆಟ್ಟಿನದೇ ಮೇಲುಗೈ. ಆಗ ಮೇಸ್ತ್ರಿಗಳು ಅಯಸ್ಕಾಂತವನ್ನು ಹೊರತೆಗೆದರು. ಅಂಬಾಸಡರಿನ ಮೈಮೇಲೆ ಅದು ಎಲ್ಲಿಟ್ಟರಲ್ಲಿ ಕಚ್ಚಿಕೊಂಡಿತು. ಫಿಯೆಟ್ಟಿನ ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಕಡೆ ಕಚ್ಚದೆ ಜಾರಿ ಬಿದ್ದಿತು. ಬಣ್ಣದ ಕೆಳಗೆ ತಗಡಿರಲಿಲ್ಲ, ಪುಟ್ಟಿಯಿತ್ತು. ರಬ್ಬರಿನ ಹಾಸನ್ನು ಎತ್ತಿ ನೋಡಿದರೆ ನೆಲದ ತಗಡು ತುಕ್ಕು ಹಿಡಿದು ಹಪ್ಪಳದಂತಾಗಿತ್ತು. ಹಿಂದಿನ ಒಡೆಯರು ಗಾಡಿಯನ್ನು ಮಳೆಯಲ್ಲಿ ನಿಲ್ಲಿಸಿದ್ದರೆಂದು ಕಾಣುತ್ತದೆ.

ಇದರ ಮಹತ್ವವನ್ನು ತಿಳಿಯಲು ಒಂದು ಮಾತು ಹೇಳಬೇಕು. ಲಾರಿಗಾದರೆ ಕೆಳಗೆ ಉಕ್ಕಿನ ಚೌಕಟ್ಟಿರುತ್ತದೆ. ಮೇಲಿನ ಮೈ ಕೊಳೆತರೂ ಚೌಕಟ್ಟು ಭಾರವನ್ನು ಹೊರುತ್ತದೆ. ಈ ಎರಡು ಕಾರುಗಳಲ್ಲಿ ಹಾಗೆ ಬೇರೆ ಚೌಕಟ್ಟಿಲ್ಲ. ನೆಲ, ಗೋಡೆ, ಚಾವಣಿಗಳೆಲ್ಲ ಒಂದಾಗಿ ಬೆಸೆದು, ಮೈಯೇ ಭಾರವನ್ನು ಹೊರುತ್ತದೆ. ನೆಲದ ಅಂಚು ಕೊಳೆತರೆ ಮನೆಯ ತೊಲೆಗೆ ಗೆದ್ದಲು ಹಿಡಿದಂತೆ. ಮೇಸ್ತ್ರಿಗಳು ಅದನ್ನೇ ತಮ್ಮ ರೀತಿಯಲ್ಲಿ ಹೇಳಿದರು: “ಇಂಜಿನ್ನು ಕೆಟ್ಟರೆ ಬಿಚ್ಚಿ ಸರಿಮಾಡಬಹುದು ಸ್ವಾಮಿ, ಎಲ್ಲ ಸಾಮಾನೂ ಇದೇ ರಸ್ತೆಯಲ್ಲಿ ಸಿಗುತ್ತದೆ. ತಗಡು ಕೆಟ್ಟರೆ ಟಿಂಕರಿಂಗಿಗೆ ಕೊನೆಯಿಲ್ಲ.” ದಲ್ಲಾಳಿ ಮುಖ ತಿರುಗಿಸಿಕೊಂಡ. ಫಿಯೆಟ್ಟು ಮಾರಿಹೋದರೆ ಮೇಸ್ತ್ರಿಗಳಿಗೂ ಅದರಲ್ಲಿ ಒಂದು ಪಾಲು ಎಂದು ಮಾತಾಗಿತ್ತೆಂಬುದು ಆಮೇಲೆ ತಿಳಿಯಿತು. ಆ ಪಾಲನ್ನು ಅವರು ಅಯಸ್ಕಾಂತದೊಡನೆ ನೆಲಕ್ಕೆ ಬೀಳಿಸಿದ್ದರು.

ಮಾರನೆಯ ಭಾನುವಾರ ಓಟದ ಪರೀಕ್ಷೆ. ಪೆಟ್ರೋಲು ಟ್ಯಾಂಕಿನಿಂದ ಬರುವ ಕೊಳವೆಯನ್ನು ಕಳಚಿ, ಒಂದು ಲೀಟರು ಹಿಡಿಯುವ ಡಬ್ಬಿಗೆ ಜೋಡಿಸಿದೆವು. ಹಿಂದಿನ ಸೀಟಿನಲ್ಲಿ ಇಬ್ಬರು, ಡಿಕ್ಕಿಯಲ್ಲಿ ಒದ್ದೆಬಟ್ಟೆ ಸುತ್ತಿದ ಬುಟ್ಟಿಗಳು. ಬಸವನಗುಡಿಯಿಂದ ಕನಕಪುರದ ರಸ್ತೆ ಹಿಡಿದು ಹೊರಟ ಅಂಬಾಸಡರು ೯ ಕಿಲೋಮೀಟರು ದಾಟಿ ಮುಗ್ಗರಿಸಿತು. ಅದೇ ರಸ್ತೆಯಲ್ಲಿ, ಅದೇ ಹೊರೆಯೊಡನೆ ಫಿಯೆಟ್ಟು ೧೨ನ್ನು ಮುಟ್ಟಿತು. ಆದರೆ ಹೊರೆ ತುಂಬುವಾಗಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಹೂವಿಗೆ ತೂಕವಿಲ್ಲ, ಗಾತ್ರವಿದೆ. ಫಿಯೆಟ್ಟಿನ ಡಿಕ್ಕಿಯಲ್ಲಿ ಮೂರು ಬುಟ್ಟಿ ಹಿಡಿದರೆ ಅಂಬಾಸಡರಿನದರಲ್ಲಿ ಐದು ಹಿಡಿದವು. ಹೂವಿನ ವ್ಯಾಪಾರಿಗೆ ಬೇಕಾದದ್ದು ಎಳೆಯುವ ಬಲವಲ್ಲ, ತಾವು.

ರಾತ್ರಿ ಕುಳಿತು ಲೆಕ್ಕ ಬರೆದೆ. ಆನೇಕಲ್ಲಿನ ಪ್ರಯಾಣ, ಚಿಕಿತ್ಸೆಯ ಓಡಾಟ ಎಲ್ಲ ಸೇರಿ ತಿಂಗಳಿಗೆ ೧೦೮೦ ಕಿಲೋಮೀಟರು. ಅಂಬಾಸಡರಿಗೆ ೧೨೦ ಲೀಟರು, ಫಿಯೆಟ್ಟಿಗೆ ೯೦. ಲೀಟರಿಗೆ ೬ ರೂಪಾಯಿ ಎಂದು ಹಿಡಿದರೆ ತಿಂಗಳಿಗೆ ೧೮೦ ರೂಪಾಯಿ ಉಳಿತಾಯ. ಮಂಡಿಯಲ್ಲಿ ಹೂ ಕಟ್ಟುತ್ತಿದ್ದ ಹುಡುಗನ ಸಂಬಳದ ಹೆಚ್ಚಿನ ಪಾಲು ಅದರಲ್ಲಿ ಬರುತ್ತಿತ್ತು. ಆ ಹುಡುಗನನ್ನು ಬಿಡಿಸಬೇಕಾದೀತೆಂಬ ಚಿಂತೆ ಮಾವನವರಿಗೆ ಮೊದಲೇ ಇತ್ತು. ಆದರೆ ಫಿಯೆಟ್ಟಿಗೆ ಹೆಚ್ಚಾಗಿ ಕೊಡುವ ೪೦೦೦ವನ್ನು ಈ ಉಳಿತಾಯ ತೀರಿಸಲು ೨೨ ತಿಂಗಳು ಬೇಕು. ಅದರ ನಡುವೆ ನೆಲದ ತಗಡಿನ ಖರ್ಚು ಒಂದು ಕಡೆ, ಅಂಬಾಸಡರಿನ ಬೋರಿನ ಖರ್ಚು ಇನ್ನೊಂದು ಕಡೆ. ತಕ್ಕಡಿ ಯಾವ ಕಡೆಗೂ ಖಚಿತವಾಗಿ ವಾಲಲಿಲ್ಲ. ಕಾಗದದ ಕೊನೆಯ ಅಂಕಣಕ್ಕೆ ‘ಹತ್ತುವ, ಇಳಿಯುವ ಸೌಕರ್ಯ’ ಎಂದು ತಲೆಬರಹ ಕೊಟ್ಟು ಖಾಲಿ ಬಿಟ್ಟೆ. ಅದನ್ನು ತುಂಬುವ ಅಧಿಕಾರ ಅಜ್ಜಿಯೊಬ್ಬರಿಗೇ ಇದ್ದಿತು.

ಎರಡು ಗಾಡಿಗಳೂ ಮನೆಯ ಮುಂದೆ ಬಂದು ನಿಂತವು. ಫಿಯೆಟ್ಟಿನ ಸೀಟು ತಗ್ಗು, ಬಾಗಿಲೂ ಕಿರಿದು. ಅಜ್ಜಿ ತಲೆ ಬಗ್ಗಿಸಿ, ಸೋತ ಕಾಲನ್ನು ಎಳೆದುಕೊಂಡು ಕೂರುವಷ್ಟರಲ್ಲಿ ಬೆವತುಹೋದರು; ಎಬ್ಬಿಸಲು ಇಬ್ಬರು ಬೇಕಾದರು. ಅಂಬಾಸಡರಿನ ಬಾಗಿಲ ಬಳಿ ಬೆನ್ನು ಹಾಕಿ ನಿಂತರು. ಸೀಟು ತೊಡೆಯ ಮಟ್ಟಕ್ಕೇ ಸಿಕ್ಕಿತು. ಕುರ್ಚಿಯ ಮೇಲೆ ಕೂರುವಂತೆ ಕುಳಿತು, ಎಡಗೈಯಿಂದ ಬಲಗಾಲನ್ನು ಎತ್ತಿ ಒಳಗಿಟ್ಟುಕೊಂಡರು. ಯಾರೂ ಮುಟ್ಟಬೇಕಾಗಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವರು ತಾವಾಗಿಯೇ ಮಾಡಿದ ಮೊದಲನೆಯ ಕೆಲಸ ಅದು. ನಾನು ಮೊದಲೇ ಹೇಳಿದ ಐದು ಅಂಗುಲದ ಮಹಿಮೆ ಇದು.

ಆದರೆ ಕೆಳಗಿಳಿದ ಮೇಲೆ ಅಜ್ಜಿ ತೊದಲುತ್ತ ಹೇಳಿದ್ದೇ ಬೇರೆ: “ಎಣ್ಣೆ ಕಡಿಮೆ ಕುಡಿಯೋದನ್ನೇ ತೊಗೊಳ್ಳಪ್ಪಾ. ನಾನಿನ್ನೆಷ್ಟು ದಿನ?” ಮಾವನವರು ಉತ್ತರ ಹೇಳಲಾರದೆ ನನ್ನ ಕಾಗದವನ್ನು ನೋಡುತ್ತ ನಿಂತರು. ಅದುವರೆಗೆ ಬಾಗಿಲಿಗೊರಗಿ ಮೌನವಾಗಿದ್ದ ಅತ್ತೆಯವರು ಮುಂದೆ ಬಂದರು. “ಬಳೆ ನನ್ನದು ಅಂದಮೇಲೆ ಈ ಒಂದು ಸಲ ನನ್ನ ಮಾತು ನಡೆಯಲಿ. ಅಮ್ಮ ಹತ್ತಲಾರದ ಕಾರು ನಮ್ಮ ಮನೆಗೆ ಬೇಡ” ಎಂದು, ಅಜ್ಜಿಯ ಕೈಹಿಡಿದು ಒಳಕ್ಕೆ ಕರೆದುಕೊಂಡು ಹೋದರು. ಖಾಲಿ ಬಿಟ್ಟಿದ್ದ ಅಂಕಣ ತುಂಬಿತು.

ಅಂಬಾಸಡರು ಬಂದಿತು. ಪೆಟ್ರೋಲಿನ ಚಿಂತೆ ಬಿಟ್ಟಿತೆಂದಲ್ಲ. ಆದರೆ ಡಿಕ್ಕಿಯಲ್ಲಿ ಮಿಕ್ಕ ಎರಡು ಬುಟ್ಟಿಗಳ ತಾವನ್ನು ನೋಡಿ, ಪಕ್ಕದ ಮಂಡಿಯವರು ತಮ್ಮ ಹೂವನ್ನೂ ಅದರಲ್ಲೇ ತರುವುದಾಗಿ ಒಪ್ಪಿ ಆನೇಕಲ್ಲಿನ ಪೆಟ್ರೋಲಿನಲ್ಲಿ ಪಾಲು ಕೊಟ್ಟರು. ಹೂ ಕಟ್ಟುವ ಹುಡುಗ ಕೆಲಸದಲ್ಲಿ ಉಳಿದ. ಮೇಸ್ತ್ರಿಗಳು ಹೇಳಿದಂತೆ ಮರುವರ್ಷ ಬೋರು ಮಾಡಿಸಬೇಕಾಯಿತು. ಅಜ್ಜಿ ಇನ್ನೂ ಐದು ವರ್ಷ ಬಾಳಿದರು. ಚಿಕಿತ್ಸೆಗೆ ಮಾತ್ರವಲ್ಲ, ಕಡಲೆಕಾಯಿ ಪರಿಷೆಗೂ ಅದರಲ್ಲಿ ಹೋಗಿಬಂದರು. ಆ ನೀಲಿಯ ಫಿಯೆಟ್ಟನ್ನು ಮಲ್ಲೇಶ್ವರದ ಉಪಾಧ್ಯಾಯರೊಬ್ಬರು, ತುಕ್ಕಿನ ವಿಷಯ ತಿಳಿದೇ, ಬೆಲೆ ಇಳಿಸಿಕೊಂಡು ಕೊಂಡರು. ಗಂಡ, ಹೆಂಡತಿ, ಒಂದು ಮಗು. ನೆಲಕ್ಕೆ ಹೊಸ ತಗಡು ಬೆಸೆಯಿಸಿ ಬಹುಕಾಲ ಸುಖವಾಗಿ ಓಡಿಸಿದರೆಂದು ಕೇಳಿದೆ. ಅವರ ಸಂಸಾರಕ್ಕೆ ಅದೇ ಸರಿಯಾದ ಕಾರು.

ಈಗ ಎರಡೂ ಕಾರ್ಖಾನೆಯಿಂದ ಹೊರಬರುವುದಿಲ್ಲ. ಪದ್ಮಿನಿಯ ತಯಾರಿಕೆ ಶತಮಾನದ ಕೊನೆಗೆ ನಿಂತಿತು. ಮುಂಬಯಿಯ ಬೀದಿಗಳಲ್ಲಿ ಟ್ಯಾಕ್ಸಿಯಾಗಿ ಉಳಿದಿದ್ದ ಕಡೆಯ ಪದ್ಮಿನಿಯೂ ೨೦೨೩ರ ಅಕ್ಟೋಬರಿನಲ್ಲಿ ವಯಸ್ಸಿನ ಮಿತಿ ಮುಗಿದು ನಿವೃತ್ತವಾಯಿತು. ಅಂಬಾಸಡರಿನ ಹೆಸರನ್ನೇ ೨೦೧೭ರಲ್ಲಿ ೮೦ ಕೋಟಿ ರೂಪಾಯಿಗೆ ಫ್ರಾನ್ಸಿನ ಪೆಜೋ ಸಂಸ್ಥೆಗೆ ಮಾರಿದರು. ಮದುವೆ ಮನೆಯ ವಾದಕ್ಕೆ ಇಂದು ವಾದಿಗಳೂ ಇಲ್ಲ, ವಸ್ತುವೂ ಇಲ್ಲ.

ಆದರೂ ಹಳೆಯ ಕಾರನ್ನು ಕೊಳ್ಳುವವರು ಇದ್ದೇ ಇದ್ದಾರೆ. ಎರಡರ ನಡುವೆ ತೊಳಲಾಡಿ ನನ್ನನ್ನು ಕೇಳುವ ಸ್ನೇಹಿತರೂ ಇದ್ದಾರೆ. ಇಂಜಿನ್ನು ಎಷ್ಟು, ಲೀಟರಿಗೆ ಎಷ್ಟು ಎಂಬ ಪಟ್ಟಿಗಳು ಈಗ ಎಲ್ಲರ ಅಂಗೈಯಲ್ಲಿವೆ. ಅವನ್ನು ನೋಡಬೇಕು; ನೆಲದ ಹಾಸನ್ನು ಎತ್ತಿಯೂ ನೋಡಬೇಕು; ಪಾಲಿಗಾಗಿ ಸುಳ್ಳು ಹೇಳದ ಒಬ್ಬ ಮೇಸ್ತ್ರಿಯನ್ನು ಹುಡುಕಿಕೊಳ್ಳಬೇಕು. ಇಷ್ಟಾದ ಮೇಲೆ ನಾನು ಅವರಿಗೆ ಒಂದೇ ಪ್ರಶ್ನೆ ಕೇಳುತ್ತೇನೆ: “ಅದರಲ್ಲಿ ಯಾರು ಯಾರು ಕೂರುತ್ತಾರೆ?” ಉತ್ತರ ಹೇಳುತ್ತ ಹೇಳುತ್ತ, ಯಾವ ಕಾರೆಂಬುದನ್ನು ಸಾಮಾನ್ಯವಾಗಿ ಅವರೇ ತೀರ್ಮಾನಿಸಿಬಿಡುತ್ತಾರೆ.